ಹತ್ತನೇ ಕ್ಲಾಸಿನ ಜನವರಿ, ಎಂಟನೇ ಕ್ಲಾಸಿನ ಜೂನ್

ಎಸ್‌ಎಸ್‌ಎಲ್‌ಸಿ ಪಾಸಾಗಲು ಶೇ 35 ಅಂಕ ಬೇಕೋ ಶೇ 33 ಸಾಕೋ ಅಂತ ನಮ್ಮ ಶಿಕ್ಷಕರ ವಾಟ್ಸಾಪ್ ಗ್ರೂಪಿನಲ್ಲಿ ನಡೆದ ಜಗಳಕ್ಕೆ ಲೆಕ್ಕವಿಲ್ಲ. ನಿವೃತ್ತಿ ಆದವನು, ಸುಮ್ನೆ ಯಾಕೆ ಅಂತ ನಾನು ಬಾಯಿ ಹಾಕಿರಲಿಲ್ಲ. ಆದರೆ ರಾಯಚೂರು ಕಡೆಯ ಸರ್ಕಾರಿ ಹೈಸ್ಕೂಲುಗಳಲ್ಲಿ ಗಣಿತ ಹೇಳಿಕೊಟ್ಟೇ ತಲೆ ಬೆಳ್ಳಗಾದವನು. ಒಂದು ಮಾತು ಹೇಳಿಬಿಡುತ್ತೇನೆ: ಫಲಿತಾಂಶ ಹೆಚ್ಚಿಸಲು ನಾವು ಪಡುವ ಪಾಡಿನಲ್ಲಿ ಮುಕ್ಕಾಲು ಪಾಲು ಹತ್ತನೇ ಕ್ಲಾಸಿಗೆ ಹೋಗುತ್ತಿದೆ. ಅದು ಹೋಗಬೇಕಾಗಿದ್ದು ಎಂಟನೇ ಕ್ಲಾಸಿಗೆ.

ಅಂಕಿ ನೋಡಿ. 2023ರಲ್ಲಿ ರಾಜ್ಯದ ಫಲಿತಾಂಶ ಶೇ 83.89. 2024ರಲ್ಲಿ ಪರೀಕ್ಷಾ ಕೊಠಡಿಗೆ ಕ್ಯಾಮೆರಾ ಬಂತು, ವೆಬ್‌ಕಾಸ್ಟಿಂಗ್ ಬಂತು. ಫಲಿತಾಂಶ 73.40ಕ್ಕೆ ಇಳಿಯಿತು. ಅದೂ ಗ್ರೇಸ್ ಅಂಕವನ್ನು ಶೇ 10ರಿಂದ 20ಕ್ಕೆ ಏರಿಸಿದ ಮೇಲೆ! 2025ರಲ್ಲಿ ಆ ಗ್ರೇಸ್ ತೆಗೆದರು. ಮೊದಲ ಸುತ್ತಿನ ಪರೀಕ್ಷೆ-1ರಲ್ಲಿ ಬಂದಿದ್ದು 66.14. ದಕ್ಷಿಣ ಕನ್ನಡ 91.12, ನಮ್ಮ ಕಡೆಯ ಕಲಬುರಗಿ 42.43. ಎರಡೇ ವರ್ಷದಲ್ಲಿ ಮಕ್ಕಳು ದಡ್ಡರಾಗಿಬಿಟ್ಟರಾ? ಇಲ್ಲ ತಾನೇ. ಮೊದಲಿನಿಂದಲೂ ಇದ್ದದ್ದು ಈಗ ಕಾಣಿಸಿತು, ಅಷ್ಟೇ. ಕ್ಯಾಮೆರಾ ಹಾಕಿದ್ದು ಒಳ್ಳೆಯದೇ ಆಯಿತು ಅನ್ನುವವರ ಪೈಕಿ ನಾನೂ ಒಬ್ಬ.

ಇನ್ನು ನಾವು ಮಾಡುವ ಕೆಲಸದ ವಿಷಯ. ಸರ್ಕಾರಿ ಮಾಸ್ತರು ಕೆಲಸ ಮಾಡಲ್ಲ ಅನ್ನುವವರು ಜನವರಿಯಿಂದ ಮಾರ್ಚ್ ತನಕ ಯಾವುದಾದರೂ ಹೈಸ್ಕೂಲಿಗೆ ಹೋಗಿ ನೋಡಬೇಕು. ಒಬ್ಬೊಬ್ಬ ಶಿಕ್ಷಕರಿಗೆ ಇಷ್ಟು ಮಕ್ಕಳು ಅಂತ ದತ್ತು ಕೊಟ್ಟಿರುತ್ತಾರೆ. ಬೆಳಗಿನ ಜಾವ ಫೋನ್ ಮಾಡಿ ಮಕ್ಕಳನ್ನು ಎಬ್ಬಿಸುವುದು, ಮನೆ ಭೇಟಿ, ಗುಂಪು ಅಧ್ಯಯನ, ಸರಣಿ ಪರೀಕ್ಷೆ, ಪೂರ್ವಸಿದ್ಧತಾ ಪರೀಕ್ಷೆ. ಬೆಳಿಗ್ಗೆ ಒಂದು ವಿಶೇಷ ತರಗತಿ, ಸಂಜೆ ಇನ್ನೊಂದು. ಸಂಜೆಯ ಕ್ಲಾಸ್ ಮುಗಿಯುವಷ್ಟರಲ್ಲಿ ಪಕ್ಕದ ಹಳ್ಳಿಯ ಬಸ್ಸು ಹೋಗಿರುತ್ತದೆ. ಆಮೇಲೆ ಹುಡುಗಿಯರ ಮನೆಯವರು ಕಳಿಸಲ್ಲ. 2023ರಿಂದ ಹುಡುಗಿಯರಿಗೆ ಬಸ್ ಚಾರ್ಜ್ ಇಲ್ಲ, ಸರಿ. ಆದರೆ ಬಸ್ಸೇ ಇಲ್ಲದ ಹೊತ್ತಿನಲ್ಲಿ ಫ್ರೀ ಇದ್ದರೇನು ಬಂತು? ಎಂಟನೇ ಕ್ಲಾಸಿಗೆ ಕೊಡುತ್ತಿದ್ದ ಸೈಕಲ್ ನಿಲ್ಲಿಸಿದ್ದು ದೊಡ್ಡ ತಪ್ಪು ಅಂತ ನಾನು ಇವತ್ತಿಗೂ ಹೇಳುತ್ತೇನೆ.

ಇದೆಲ್ಲದರ ತುದಿಗೆ ಪಾಸಿಂಗ್ ಪ್ಯಾಕೇಜ್. ಗೊತ್ತಿಲ್ಲದವರಿಗೆ ಹೇಳುತ್ತೇನೆ: ಖಂಡಿತ ಬರುವ ಪ್ರಶ್ನೆಗಳನ್ನಷ್ಟೇ ಆರಿಸಿ ಬಾಯಿಪಾಠ ಮಾಡಿಸುವುದು. ಸಮಾಜದಲ್ಲಿ ಭಾರತದ ನಕ್ಷೆ, ವಿಜ್ಞಾನದಲ್ಲಿ ಹೃದಯದ ಚಿತ್ರ, ಇಂಗ್ಲಿಷಿನಲ್ಲಿ ಪದ್ಯ ಮತ್ತು ಲೆಟರ್. ಗಣಿತದಲ್ಲಿ ಗ್ರಾಫ್ ಮತ್ತು ಥೇಲ್ಸ್ ಪ್ರಮೇಯ. ನಾನೂ ಮಾಡಿಸಿದ್ದೇನೆ. ಒಬ್ಬ ಹುಡುಗ ಥೇಲ್ಸ್ ಪ್ರಮೇಯವನ್ನು ದತ್ತ, ಸಾಧನೀಯ, ರಚನೆ ಅಂತ ಒಂದಕ್ಷರ ತಪ್ಪದೆ ಬರೆಯುತ್ತಿದ್ದ. ಅಕ್ಷರವೂ ಮುತ್ತಿನಂಥದ್ದು. ಒಂದು ದಿನ ಬೇಕಂತಲೇ ಎಬಿಸಿ ಬದಲು ಪಿಕ್ಯೂಆರ್ ಅಂತ ಹೆಸರಿಟ್ಟು ತ್ರಿಭುಜ ಬರೆದುಕೊಟ್ಟೆ. ಪೆನ್ನು ಅಲ್ಲೇ ನಿಂತಿತು. ‘ಸರ್, ಇದು ನೀವು ಹೇಳಿಕೊಟ್ಟ ತ್ರಿಭುಜ ಅಲ್ಲ ರೀ’ ಅಂದ.

ಅವನು ಪಾಸಾದ. ಖುಷಿಯೇ. ಫೇಲಾದವನನ್ನು ಊರು ನೋಡುವ ರೀತಿ ನನಗೆ ಗೊತ್ತು, ಹಾಗಾಗಿ ಪ್ಯಾಕೇಜನ್ನು ಬೈಯುವ ಹುಮ್ಮಸ್ಸು ನನಗಿಲ್ಲ. ಪಿಯುಸಿಯಲ್ಲಿ ಅವನಿಗೆ ಏನು ಗತಿ ಅನ್ನುವುದೇ ಚಿಂತೆ.

ಎಂಟನೇ ಕ್ಲಾಸಿಗೆ ಬರೋಣ. ಜೂನ್‌ನಲ್ಲಿ ಸುತ್ತಲಿನ ನಾಲ್ಕೈದು ಊರುಗಳಿಂದ ಮಕ್ಕಳು ಬಂದು ಕೂರುತ್ತಾರೆ. ಕೈಗೆ ವಿಜ್ಞಾನದ ಪುಸ್ತಕ ಕೊಟ್ಟು ಓದು ಅನ್ನಿ. ‘ಸೂಕ್ಷ್ಮಜೀವಿಗಳು’ ಅಂತ ಇದ್ದರೆ ಮಗು ‘ಸೂ... ಸೂಕ...’ ಅಂತ ನಿಲ್ಲುತ್ತದೆ. ಒತ್ತಕ್ಷರ ಬಂದ ಕಡೆಯೆಲ್ಲ ತಡೆ. 432ನ್ನು 4ರಿಂದ ಭಾಗಿಸಿದರೆ ಸಲೀಸಾಗಿ 18 ಅಂತ ಬರೆಯುತ್ತದೆ, ನಡುವಿನ ಸೊನ್ನೆ ಮಾಯ. ಇಂಥ ಮಗುವಿಗೆ ಆ ವರ್ಷವೇ ಭಾಗಲಬ್ಧ ಸಂಖ್ಯೆ ಕಲಿಸಬೇಕು. ಕಲಿಸಿದೆವು ಅಂತ ಪಾಠ ಹಂಚಿಕೆಯಲ್ಲಿ ಬರೆಯಬೇಕು.

ಹಿಂದಿನ ಕ್ಲಾಸಿನದು ಬಾರದ ಮಕ್ಕಳಿಗೆ ಅದನ್ನು ಕಲಿಸಲು ಸೇತುಬಂಧ ಅಂತ ಕಾರ್ಯಕ್ರಮ ಇದೆಯಲ್ಲ, ಅಂತೀರಿ. ಇದೆ. ಕಾಗದದ ಮೇಲೆ ಬಹಳ ಚೆನ್ನಾಗಿದೆ. ಪೂರ್ವ ಪರೀಕ್ಷೆ, ಪರಿಹಾರ ಬೋಧನೆ, ಸಾಫಲ್ಯ ಪರೀಕ್ಷೆ. ಆದರೆ ಅದು ನಡೆಯುವುದು ಶಾಲೆ ಶುರುವಾದ ಹೊಸದರಲ್ಲಿ. ಆಗ ದಾಖಲಾತಿ ಮುಗಿದಿರಲ್ಲ, ಅರ್ಧ ಮಕ್ಕಳು ಬಂದಿರಲ್ಲ, ಖಾಲಿ ಹುದ್ದೆಗೆ ಅತಿಥಿ ಶಿಕ್ಷಕರೂ ಎಷ್ಟೋ ಕಡೆ ಬಂದಿರಲ್ಲ. ಆ ಅತಿಥಿ ಶಿಕ್ಷಕರಿಗೆ ನಾವು ಕೊಡುವುದೇನು? ತಿಂಗಳಿಗೆ 12,500 ರೂಪಾಯಿ (2025-26ರ ಲೆಕ್ಕ), ಅದೂ ತಿಂಗಳು ತಿಂಗಳು ಸಿಗುತ್ತೆ ಅನ್ನೋ ಗ್ಯಾರಂಟಿ ಇಲ್ಲ. ಹೀಗಾಗಿ ಫೈಲು ತುಂಬುತ್ತದೆ, ಪುಸ್ತಕದ ಒಂದನೇ ಪಾಠ ಶುರುವಾಗುತ್ತದೆ, ಒತ್ತಕ್ಷರ ಬಾರದ ಮಗು ಹಿಂದಿನ ಬೆಂಚಿಗೆ ಹೋಗಿ ಕೂರುತ್ತದೆ. ನಮ್ಮ ಕಡೆ ದಸರಾ ಆದಮೇಲೆ ಹತ್ತಿ ಬಿಡಿಸುವ ಕೆಲಸ. ಅದೇ ಮಗು ಹೊಲಕ್ಕೆ ಹೋಗುತ್ತದೆ. ಕ್ಲಾಸಿನಲ್ಲಿ ಏನೂ ತಿಳಿಯದೆ ಕೂರುವುದಕ್ಕಿಂತ ಅದೇ ವಾಸಿ ಅಂತ ಅದಕ್ಕೂ ಅನ್ನಿಸಿರುತ್ತದೆ. ಎರಡು ವರ್ಷ ಬಿಟ್ಟು ಜನವರಿಯಲ್ಲಿ ನಾವು ಅದನ್ನು ಬೆಳಗಿನ ಜಾವ ಎಬ್ಬಿಸುತ್ತೇವೆ.

ನನ್ನ ಕೈಯಲ್ಲಿ ಇದ್ದಿದ್ದರೆ ಏನು ಮಾಡುತ್ತಿದ್ದೆ? ಶಾಲೆಯ ಅತಿ ಅನುಭವಿ ಮಾಸ್ತರನ್ನು ಎಂಟನೇ ಕ್ಲಾಸಿಗೆ ಹಾಕುತ್ತಿದ್ದೆ. ಈಗ ‘ಹತ್ತನೇ ಕ್ಲಾಸು ಅವರೇ ತಗೋಬೇಕು’ ಅಂತ ಎಲ್ಲ ಕಡೆ ರೂಢಿ. ದೀಪಾವಳಿ ತನಕ ದಿನದ ಮೊದಲ ಪೀರಿಯಡ್ಡು ಬರೀ ಓದು ಮತ್ತು ಲೆಕ್ಕ, ಪಠ್ಯಪುಸ್ತಕ ಮುಚ್ಚಿಟ್ಟು. ಓದಿಸುವುದು ಕನ್ನಡ ಮೇಡಂ ಒಬ್ಬರ ಕೆಲಸ ಅಂತ ಬಿಡದೆ ಪಿಇ ಮಾಸ್ತರೂ ಒಂದು ಗುಂಪು ಕೂರಿಸಿಕೊಂಡು ಓದಿಸಲಿ. ಮುಜುಗರ ಏನಿದೆ ಇದರಲ್ಲಿ?

ಇನ್ನೊಂದು, ನನಗೆ ಎಲ್ಲಕ್ಕಿಂತ ಸಿಟ್ಟು ತರಿಸುವ ವಿಷಯ. ಶಾಲೆಯ ಫಲಿತಾಂಶವನ್ನು ಪರೀಕ್ಷೆಗೆ ಕೂತವರ ಲೆಕ್ಕದಲ್ಲಿ ಅಳೆಯುತ್ತೇವೆ. ಎಂಟಕ್ಕೆ ಅರವತ್ತು ಜನ ಸೇರಿ, ಹತ್ತರಲ್ಲಿ ನಲವತ್ತು ಜನ ಕೂತು, ಅಷ್ಟೂ ಪಾಸಾದರೆ ನೂರಕ್ಕೆ ನೂರು. ಬ್ಯಾನರ್, ಹಾರ, ಪೇಪರಿನಲ್ಲಿ ಫೋಟೋ. ಉಳಿದ ಇಪ್ಪತ್ತು ಮಕ್ಕಳು ಎಲ್ಲಿ? ಕೆಲವರು ಬೇರೆ ಶಾಲೆಗೆ ಹೋಗಿರಬಹುದು. ಕೆಲವರ ಮದುವೆಯಾಗಿರುತ್ತದೆ, ಕೆಲವರು ಅಪ್ಪ ಅಮ್ಮನ ಜೊತೆ ಬೆಂಗಳೂರಿಗೆ ಗುಳೆ ಹೋಗಿರುತ್ತಾರೆ. ಫಲಿತಾಂಶ ಕಡಿಮೆಯಾದ ಶಾಲೆಗೆ ನೋಟಿಸ್ ಬರುತ್ತದೆ. ಮಕ್ಕಳನ್ನು ಕಳೆದುಕೊಂಡ ಶಾಲೆಗೆ ಯಾವ ನೋಟಿಸೂ ಬಂದಿದ್ದು ನಾನು ಕಂಡಿಲ್ಲ. ಹಾಜರಾತಿ ಸಾಲದು ಅಂತ ದಡ್ಡ ಮಕ್ಕಳನ್ನು ಮೆಲ್ಲಗೆ ಹೊರಗೆ ಕಳಿಸುವ ಕಲೆಯನ್ನೂ ಈ ಲೆಕ್ಕವೇ ಕಲಿಸಿದ್ದು. ಪ್ರತಿ ಮಗುವಿಗೂ ಸ್ಯಾಟ್ಸ್ ನಂಬರ್, ಅಂದರೆ ಇಲಾಖೆಯ ಕಂಪ್ಯೂಟರಿನಲ್ಲಿ ಗುರುತಿನ ಸಂಖ್ಯೆ ಇದೆ. ಎಂಟಕ್ಕೆ ಸೇರಿದವರಲ್ಲಿ ಎಷ್ಟು ಜನ ಹತ್ತು ದಾಟಿದರು ಅಂತ ತೆಗೆಯುವುದು ಕಂಪ್ಯೂಟರಿಗೆ ಐದು ನಿಮಿಷದ ಕೆಲಸ.

ನಿಮ್ಮಲ್ಲಿ ಯಾರಾದರೂ ಎಸ್‌ಡಿಎಂಸಿಯಲ್ಲಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಇದ್ದರೆ ಮುಂದಿನ ಸಭೆಯಲ್ಲಿ ಈ ವರ್ಷದ ಗುರಿ ಎಷ್ಟು ಪರ್ಸೆಂಟ್ ಅಂತ ಕೇಳಲು ಹೋಗಬೇಡಿ. ಎರಡು ಕಾಗದ ತರಿಸಿ ನೋಡಿ: ಒಂದು, ಎಂಟನೇ ಕ್ಲಾಸಿನ ಸೇತುಬಂಧದ ಉತ್ತರಪತ್ರಿಕೆ. ಇನ್ನೊಂದು, ಈಗಿನ ಹತ್ತನೇ ಕ್ಲಾಸಿನ ಮಕ್ಕಳು ಎಂಟರಲ್ಲಿದ್ದಾಗಿನ ಹಾಜರಿ ಪುಸ್ತಕ. ಆ ಹಾಜರಿ ಪುಸ್ತಕದಲ್ಲಿದ್ದು ಈಗ ಹತ್ತನೇ ಕ್ಲಾಸಿನಲ್ಲಿ ಇಲ್ಲದ ಹೆಸರುಗಳನ್ನು ಹೆಡ್‌ಮಾಸ್ತರ ಮುಂದೆ ಒಂದೊಂದಾಗಿ ಓದಿ, ಆ ಮಗು ಈಗ ಎಲ್ಲಿದೆ ಅಂತ ಕೇಳಿ.