ಸೇಂಟ್ ಮೇರೀಸ್‌ಗೆ ಹೋದರೆ ಆ ಕಲ್ಲುಗಳನ್ನು ನೋಡದೆ ಬರಬೇಡಿ

ಮಲ್ಪೆಯಿಂದ ಬೋಟ್ ಹತ್ತಿ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗುವ ಹೆಚ್ಚಿನವರದ್ದು ಒಂದೇ ಕಥೆ. ಇಳಿದ ಕೂಡಲೇ ಫೋಟೋ, ಆಮೇಲೆ ನೀರಾಟ, ಮತ್ತೆ ಫೋಟೋ, ವಾಪಸ್. ರಜೆಗೆ ಬಂದವರು ಖುಷಿಪಡಲಿ, ಅದರಲ್ಲಿ ತಪ್ಪೇನಿಲ್ಲ. ಆದರೆ ತಾವು ಹತ್ತಿ ನಿಂತ ಕಲ್ಲು ಎಂಥದ್ದು ಅಂತ ತಿಳಿಯದೆ ಬಂದುಬಿಡುತ್ತಾರಲ್ಲ, ಅದು ನನಗೆ ನಿಜಕ್ಕೂ ಬೇಜಾರು.

ಹತ್ತಿರ ಹೋಗಿ ನೋಡಿ. ಉಳಿ ಹಿಡಿದು ಕಡೆದು ನಿಲ್ಲಿಸಿದಂಥ ಕಂಬಗಳು. ಒಂದಕ್ಕೆ ಐದು ಮುಖ, ಪಕ್ಕದ್ದಕ್ಕೆ ಆರು, ಇನ್ನೊಂದಕ್ಕೆ ಏಳು. ಒಂದಕ್ಕೊಂದು ಒತ್ತಿಕೊಂಡು ನಿಂತಿವೆ. ಇದರಲ್ಲಿ ಮನುಷ್ಯರ ಕೈವಾಡ ಏನೂ ಇಲ್ಲ. ಸುಮಾರು 8.8 ಕೋಟಿ ವರ್ಷಗಳ ಹಿಂದೆ ಇಲ್ಲಿ ಹರಿದ ಲಾವಾ ತಣ್ಣಗಾಗುತ್ತಾ ಕುಗ್ಗಿತು, ಕುಗ್ಗಿದಾಗ ಬಿರುಕು ಬಿಟ್ಟಿತು. ಬೇಸಿಗೆಯಲ್ಲಿ ಕೆರೆ ಬತ್ತಿದಾಗ ಕೆಸರು ಬಿರಿಯುತ್ತಲ್ಲ, ಹಾಗೆ. ಆದರೆ ಇಲ್ಲಿ ಬಿರುಕು ಮೇಲೆಯೇ ನಿಲ್ಲಲಿಲ್ಲ. ಒಳಗಿನ ಬಿಸಿ ಆರಿದಷ್ಟೂ ಆಳಕ್ಕೆ ಇಳಿಯಿತು. ಉಳಿದದ್ದೇ ಈ ಕಂಬಗಳು.

ನನಗೆ ಅತಿ ದೊಡ್ಡ ಬೆರಗು ಇನ್ನೊಂದಿದೆ. ಆ ಕಾಲಕ್ಕೆ ಭಾರತ ಮತ್ತು ಮಡಗಾಸ್ಕರ್ ಬೇರೆಬೇರೆಯಾಗುತ್ತಿದ್ದವು. ಹೆಚ್ಚು ಕಡಿಮೆ ಅದೇ ವಯಸ್ಸಿನ ಲಾವಾ ಕಲ್ಲು ಮಡಗಾಸ್ಕರ್‌ನಲ್ಲೂ ಇದೆ. ಎರಡು ನೆಲಗಳು ಅಗಲಿದ ಗುರುತಿನ ಮೇಲೆ ನಿಂತು ನಾವು ಸೆಲ್ಫಿ ತೆಗೆಯುತ್ತೇವೆ! ಲಾವಾದಿಂದಲೇ ಆದ ದಖ್ಖನ್ನಿನ ಕಪ್ಪು ಕಲ್ಲು ಹುಟ್ಟಿದ್ದು ಇದಾಗಿ ಎರಡು ಕೋಟಿ ವರ್ಷಗಳ ನಂತರ. ಸುಮ್ನೆ ಅಲ್ಲ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಘೋಷಿಸಿದ್ದು. ಬೆಂಗಳೂರಿನ ಲಾಲ್‌ಬಾಗ್ ಬಂಡೆಗೂ ಇದೇ ಗೌರವ ಇದೆ.

ಹೆಸರಿನ ಹಿಂದೆ ವಾಸ್ಕೋ ಡ ಗಾಮ ಇದ್ದಾನೆ. ಕಲ್ಲಿಕೋಟೆಗೆ ಹೋಗುವ ಮೊದಲೇ ಇಲ್ಲಿ ಇಳಿದಿದ್ದ ಅಂತ ಜನ ಹೇಳುವುದುಂಟು. ಆದರೆ ಆ ಪ್ರಯಾಣದ ದಿನಚರಿ ಪ್ರಕಾರ, 1498ರಲ್ಲಿ ಕಲ್ಲಿಕೋಟೆಯಿಂದ ವಾಪಸ್ ಹೋಗುವಾಗ ಈ ಕರಾವಳಿಯ ದ್ವೀಪವೊಂದರಲ್ಲಿ ಸಾಂತಾ ಮರಿಯಾ, ಅಂದರೆ ಸೇಂಟ್ ಮೇರಿ, ಹೆಸರಿನ ಕಂಬ ನೆಟ್ಟರು. ಊರಿನವರಿಗೆ ಮಾತ್ರ ಇದು ತೋನ್ಸೆಪಾರ್.

ಮಲ್ಪೆಯನ್ನೂ ಬರೀ ಬೋಟ್ ಹತ್ತುವ ಜಾಗ ಅಂದುಕೊಳ್ಳಬೇಡಿ. ಅಲ್ಲೇ ವಡಭಾಂಡೇಶ್ವರದ ಬಲರಾಮ ದೇವಸ್ಥಾನ ಇದೆ. ಬಿರುಗಾಳಿಗೆ ಸಿಕ್ಕ ಹಡಗನ್ನು ಮಧ್ವಾಚಾರ್ಯರು ಕಾಪಾಡಿದ್ದು, ಅದರಲ್ಲಿದ್ದ ಗೋಪೀಚಂದನದ ಗಡ್ಡೆಯೊಳಗೆ ಉಡುಪಿಯ ಕೃಷ್ಣ ಸಿಕ್ಕಿದ್ದು ಇದೇ ಕಡಲ ತೀರದಲ್ಲಿ ಅನ್ನುವುದು ನಂಬಿಕೆ. ಮೀನುಗಾರಿಕೆ ಬಂದರನ್ನೂ ಒಮ್ಮೆ ನೋಡಿ.

ನನ್ನ ಬೇಡಿಕೆ ದೊಡ್ಡದೇನಲ್ಲ. ದ್ವೀಪಕ್ಕೆ ಇನ್ನಷ್ಟು ಆಟ, ಅಂಗಡಿ, ಕಟ್ಟಡ ಬೇಡ. ಮಲ್ಪೆಯ ಹುಡುಗ ಹುಡುಗಿಯರಿಗೆ ತರಬೇತಿ ಕೊಟ್ಟು, ಬೋಟಿಗೆ ಕಾಯುವ ಹೊತ್ತಿನಲ್ಲಿ ಹತ್ತು ನಿಮಿಷ ಈ ಕಥೆ ಹೇಳಿಸಲಿ. ಕನ್ನಡದಲ್ಲಿ, ತುಳುವಿನಲ್ಲಿ. ಅವರಿಗೂ ಒಂದು ಸಂಪಾದನೆ ಆಗುತ್ತೆ, ಅಲ್ವಾ? ಮಕ್ಕಳಂತೂ ಬಾಯಿ ಬಿಟ್ಟುಕೊಂಡು ಕೇಳುತ್ತಾರೆ.

ಹೋಗುವವರಿಗೆ ಎರಡು ಮಾತು. ಮಳೆಗಾಲದಲ್ಲಿ ಬೋಟ್ ಇರುವುದಿಲ್ಲ. ಮಿಕ್ಕ ದಿನಗಳಲ್ಲಿ ಇಳಿತದ ಹೊತ್ತು ನೋಡಿಕೊಂಡು ಹೋಗಿ, ಕಂಬಗಳು ಬುಡದವರೆಗೂ ಚೆನ್ನಾಗಿ ಕಾಣುತ್ತವೆ. ಪಾಚಿ ಕಟ್ಟಿದ ಕಲ್ಲು ತುಂಬಾ ಜಾರುತ್ತೆ, ಅಂಚಿನಲ್ಲಿ ನೀರೂ ಆಳ. ಲೈಫ್‌ಗಾರ್ಡ್ ಬೇಡ ಅಂದ ಕಡೆ ದಯವಿಟ್ಟು ಇಳಿಯಬೇಡಿ. ದಡದಲ್ಲಿ ಮರಳಿಗಿಂತ ಚಿಪ್ಪೇ ಜಾಸ್ತಿ, ಅದನ್ನು ಚೀಲದಲ್ಲಿ ತುಂಬಿಕೊಂಡು ಬರಬೇಡಿ.