ಕಕ್ಕಡದಲ್ಲೊಂದು ಗಾಳ

ಕೊಡಗಿನಲ್ಲಿ ಗಾಳ ಮಾಡುವುದನ್ನು ಯಾರೂ ಯಾರಿಗೂ ಕಲಿಸುವುದಿಲ್ಲ. ತೋಡಿನ ಬದಿಯಿಂದ ಒಂದು ವಾಟೆ ಕಡಿದು, ಎಲೆ ಸವರಿ, ತುದಿಗೆ ನೂಲು ಕಟ್ಟಿ, ಮುಳ್ಳಿಗೆ ಎರೆಹುಳ ಚುಚ್ಚಿದರೆ ಆಯಿತು. ಶಾಲೆ ಬಿಟ್ಟು ಬಂದ ಹುಡುಗರು ಒಂದು ಲೋಟ ಕಾಫಿ ಕುಡಿಯುವಷ್ಟರಲ್ಲಿ ಮಾಡಿ ಮುಗಿಸುತ್ತಾರೆ. ಕತ್ತಲಾಗುವ ಮೊದಲು ನಾಲ್ಕು ಕೊಯ್ಲೆ ಮೀನು ಹಿಡಿದು, ಕೋಲನ್ನು ಬೇಲಿಗೆ ಒರಗಿಸಿ ಮರೆತೂ ಬಿಡುತ್ತಾರೆ. ಇಂಥ ಊರಿನಲ್ಲಿ ಕೂತು ಒಂದು ಗಾಳದ ಕೋಲಿಗೆ ಇಡೀ ಮಳೆಗಾಲ ಸುರಿದವನನ್ನು ಜನ ಏನೆನ್ನಬೇಕು? ಅಂದರು ಬಿಡಿ. ಮುಖದ ಮೇಲೇ ಅಂದರು.

ನಾನು ಕಟ್ಟಿದ್ದು ಫ್ಲೈ ರಾಡ್. ಎರೆಹುಳದ ಗಾಳದಲ್ಲಿ ತುದಿಗೆ ಕಟ್ಟಿದ ಸೀಸದ ಗುಂಡು ದಾರವನ್ನು ಎಳೆದುಕೊಂಡು ಹೋಗಿ ನೀರಿಗೆ ಬೀಳುತ್ತದೆ. ಇಲ್ಲಿ ಎಲ್ಲ ಉಲ್ಟಾ. ತುದಿಯಲ್ಲಿರುವುದು ಒಂದು ಕೊಕ್ಕೆಗೆ ಗರಿ, ಕೂದಲು ಸುತ್ತಿ ಮಾಡಿದ ಹುಸಿ ಹುಳ. ಅದಕ್ಕೆ ತೂಕವೇ ಇಲ್ಲ, ಎಸೆದರೆ ಕಾಲ ಬುಡಕ್ಕೇ ಬೀಳುತ್ತದೆ. ತೂಕ ಇರುವುದು ದಾರಕ್ಕೆ. ಎತ್ತಿನ ಬಾರುಕೋಲು ಬೀಸಿದ ಹಾಗೆ ಹಿಂದಕ್ಕೊಮ್ಮೆ, ಮುಂದಕ್ಕೊಮ್ಮೆ ಬೀಸಬೇಕು. ದಾರದ ಭಾರಕ್ಕೆ ಕೋಲು ಬಾಗುತ್ತದೆ, ನೆಟ್ಟಗಾಗುವಾಗ ದಾರವನ್ನು ಮುಂದಕ್ಕೆ ಹೊಡೆಯುತ್ತದೆ, ಹುಳ ಸುಮ್ನೆ ಅದರ ಹಿಂದೆ ಹೋಗುತ್ತದೆ. ಅದಕ್ಕೇ ಈ ಕೋಲುಗಳ ನಂಬರು ದಾರದ ಲೆಕ್ಕದಲ್ಲಿರುತ್ತದೆ. ದಾರದ ಮೊದಲ 30 ಅಡಿ ತೂಗುತ್ತಾರೆ. 140 ಗ್ರೇನ್ ಬಂದರೆ ಅದು 5ನೇ ನಂಬರು, 210 ಗ್ರೇನ್ ಬಂದರೆ 8ನೇ ನಂಬರು. ಗ್ರೇನ್ ಅಂದರೆ ಕೋವಿಯ ಮದ್ದು, ಗುಂಡು ತೂಗುವ ಅದೇ ಹಳೆಯ ಅಳತೆ. 210 ಗ್ರೇನ್ ಎಂದರೆ ಹದಿಮೂರೂವರೆ ಗ್ರಾಂ ಚಿಲ್ಲರೆ. ಇಷ್ಟು ತೂಕವನ್ನು ಆಡಿಸಲು ಒಂಬತ್ತು ಅಡಿ ಕೋಲು!

ನಾನು ಆರಿಸಿದ್ದು ಒಂಬತ್ತು ಅಡಿಯ 8ನೇ ನಂಬರು. ನಮ್ಮದು ಸಿದ್ದಾಪುರದ ಕಡೆ. ಕಾವೇರಿ ಹತ್ತಿರ, ವಾಲ್ನೂರು ಹತ್ತಿರ. ಅಲ್ಲಿ ಮಹಶೀರ್ ಎಂಬ ದೊಡ್ಡ ಮೀನು ಇದೆ. ಮಹಶೀರ್ ಇರುವ ನೀರಿಗೆ ಚಿಕ್ಕ ನಂಬರಿನ ಕೋಲು ಹಿಡಿದು ಹೋದರೆ ಮೀನೇ ನಕ್ಕೀತು.

ಪಾರ್ಸೆಲ್ಲು ಬಂದಿದ್ದು ಎರಡು ಅಡಿಗಿಂತ ಉದ್ದದ ಒಂದು ಕೊಳವೆಯಲ್ಲಿ. ತಂದ ಹುಡುಗ ಅದನ್ನು ಅಲ್ಲಾಡಿಸಿ, 'ಕೋವಿನಾ ಸಾರ್?' ಅಂದ. ಬೇರೆ ಜಿಲ್ಲೆಯಲ್ಲಾಗಿದ್ದರೆ ತಮಾಷೆ ಅನ್ನಬಹುದಿತ್ತು. ಕೊಡವರಿಗೂ ವಂಶಪಾರಂಪರ್ಯದ ಜಮ್ಮಾ ಜಮೀನಿನ ಹಿಡುವಳಿದಾರರಿಗೂ ಕೋವಿ ಲೈಸೆನ್ಸಿನ ವಿನಾಯಿತಿ ಇರುವ ಊರಲ್ಲಿ ಅದು ಮಾಮೂಲಿ ಪ್ರಶ್ನೆಯೇ. ಒಳಗೆ ಕಪ್ಪು ಕಾರ್ಬನ್ನಿನ ನಾಲ್ಕು ತುಂಡು ಇದ್ದವು. ಒಳಗೆಲ್ಲ ಪೊಳ್ಳು. ನಾಲ್ಕನ್ನೂ ಅಂಗೈಯಲ್ಲಿಟ್ಟರೆ ಇಟ್ಟ ಹಾಗೇ ಇಲ್ಲ. ಇದಕ್ಕೆ ಬ್ಲಾಂಕ್ ಅನ್ನುತ್ತಾರೆ. ಹಿಡಿ ಇಲ್ಲ, ದಾರ ಹೋಗುವ ಕೊಂಡಿ ಇಲ್ಲ, ರೀಲು ಕೂರುವ ಜಾಗ ಇಲ್ಲ. ಇವನ್ನೆಲ್ಲ ಕೂರಿಸುವುದಕ್ಕೇ ರಾಡ್ ಕಟ್ಟುವುದು ಎಂದು ಹೆಸರು.

ಕೋಲನ್ನು ಕೊಂಡು ತಂದು 'ಕೋಲು ಮಾಡಿದೆ' ಅನ್ನುವುದು ಯಾವ ನ್ಯಾಯ ಎಂದು ಪಕ್ಕದ ತೋಟದವರು ಕೇಳಿದರು. ಅವರಿಗೆ ಎಂಬತ್ತರ ಹತ್ತಿರ, ನ್ಯಾಯ ಕೇಳುವ ವಯಸ್ಸು. ಬಿದಿರಲ್ಲೇ ಮಾಡುವ ದಾರಿಯೂ ಇದೆ. ಬಿದಿರನ್ನು ಸೀಳಿ, 60 ಡಿಗ್ರಿಯ ಮೂಲೆ ಬರುವಂತೆ ಆರು ಪಟ್ಟಿ ಹೆರೆದು, ಅಂಟಿಸಿ ಆರು ಮುಖದ ಕೋಲು ಮಾಡುತ್ತಾರೆ. ಅದಕ್ಕೆ ಎಲ್ಲರೂ ಹುಡುಕುವುದು ಚೀನಾದ ಗ್ವಾಂಗ್‌ಡಾಂಗ್ ಕಡೆ ಬೆಳೆಯುವ ಟಾಂಕಿನ್ ಬಿದಿರು. ಅಮೆರಿಕದಲ್ಲಿ ಇದನ್ನು ಶುರು ಮಾಡಿದವನು ಪೆನ್ಸಿಲ್ವೇನಿಯಾದ ಈಸ್ಟನ್ ಊರಿನ ಸ್ಯಾಮ್ಯುಯಲ್ ಫಿಲಿಪಿ ಎನ್ನುತ್ತಾರೆ, 1840ರ ದಶಕದಲ್ಲಿ. ಅವನ ಕಸುಬು ಕೋವಿ ಮಾಡುವುದು. ಇದನ್ನು ಹೇಳಿದ್ದೇ ತಡ, ನೆರೆಯವರಿಗೆ ಇಡೀ ವಿದ್ಯೆಯ ಮೇಲೆ ಗೌರವ ಬಂತು. 'ಹಾಗಾದ್ರೆ ಸರಿ' ಅಂದು ಕುರ್ಚಿ ಎಳೆದುಕೊಂಡರು. ಆಮೇಲೆ ಮಳೆ ಬಿಡುವವರೆಗೂ ಆ ಕುರ್ಚಿ ಅವರದ್ದೇ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ದುಡ್ಡು ಉಳಿಯುತ್ತದೆ ಅಂತ ಯಾರೂ ಇದಕ್ಕೆ ಕೈ ಹಾಕಬೇಡಿ. ಉಳಿಯಲ್ಲ. ಬಿಡಿ ಸಾಮಾನು, ಅಂಟು, ದಾರ, ಕಳಿಸುವ ಖರ್ಚು ಎಲ್ಲ ಸೇರಿಸಿದರೆ ಅಂಗಡಿಯ ರಾಡೇ ಅಗ್ಗ. ಆದರೆ ಜುಲೈ-ಆಗಸ್ಟಿನ ಕಕ್ಕಡ ತಿಂಗಳಲ್ಲಿ ಕೊಡಗಿನಲ್ಲಿ ಇರುವವನಿಗೆ ಬೇಕಾಗಿರುವುದು ಅಗ್ಗದ ಸಾಮಾನಲ್ಲ, ಮುಗಿಯದ ಕೆಲಸ. ಹೊರಗೆ ಕಾಲಿಟ್ಟರೆ ಮಳೆ, ಜಿಗಣೆ. ತೋಟಕ್ಕೆ ಹೋಗಿ ಬಿದ್ದ ಮರ ಎಣಿಸಿ ಬರಬಹುದು, ಅಷ್ಟೇ.

ರೀಲು ಕೂರುವ ಜಾಗಕ್ಕೆ ಒಂದು ಮರದ ತುಂಡು ಬೇಕು. ಪೆಟ್ಟಿಗೆಯಲ್ಲಿ ಬಂದಿದ್ದು ಎಲ್ಲಿಯದೋ ಮರ, ಮೇಲೆ ಮಿರಿಮಿರಿ ವಾರ್ನಿಷ್. ನನಗೆ ಹಿಡಿಸಲಿಲ್ಲ. ನಮ್ಮ ಮೇಲಿನ ಅಂಚಿನ ಅರೇಬಿಕಾದಲ್ಲಿ ಕಾಂಡಕೊರಕ ಬಂದು ಕಿತ್ತ ಗಿಡಗಳಿದ್ದವು. ಈ ಹುಳ ಬಿದ್ದ ಗಿಡವನ್ನು ಉಳಿಸಿಕೊಳ್ಳುವ ಹಾಗಿಲ್ಲ, ಕಿತ್ತು ಸುಡಬೇಕು. ಸುಡುವ ರಾಶಿಯಿಂದ ಒಂದು ಬುಡ ಎತ್ತಿಟ್ಟಿದ್ದೆ. ಕಾಫಿ ಮರ ನೋಡುವುದಕ್ಕೆ ಪೀಚು, ಕೊಯ್ದರೆ ಗಟ್ಟಿ. ಬೆಳ್ಳಗೆ, ಸ್ವಲ್ಪ ಹಳದಿ ಛಾಯೆ, ಎಳೆ ಬಲು ನುಣುಪು. ಆಚಾರಿ ಅದನ್ನು ಲೇತಿಗೆ ಹಾಕಿ ತಿರುಗಿಸಿದಾಗ ಒಳಗಿನಿಂದ ಒಂದು ಹುಳದ ದಾರಿ ಹೊರಬಿತ್ತು. ಬಳ್ಳಿ ಹಬ್ಬಿದ ಹಾಗೆ ವಾಲಿಕೊಂಡು ಹೋಗಿದೆ, ಒಳಗೆಲ್ಲ ಹುಳ ತಿಂದುಗಿದ ಹೊಟ್ಟು ಒತ್ತೊತ್ತಾಗಿ ತುಂಬಿದೆ. 'ಬೇರೆ ತುಂಡು ತನ್ನಿ' ಅಂದ ಆಚಾರಿ. ನಾನು ಬೇಡ ಅಂದೆ. ಸೂಜಿಯಿಂದ ಹೊಟ್ಟು ಕೆದಕಿ ತೆಗೆದು, ಆ ಜಾಗಕ್ಕೆ ಅಂಟು ತುಂಬಿದೆ. ಅರ್ಧ ತೋಟ ತಿಂದ ಹುಳ, ಅದರ ಕೈಬರಹವೂ ಒಂದಿರಲಿ.

ಹಿಡಿ ಕಾರ್ಕಿನದು. ಪೋರ್ಚುಗಲ್ ಕಡೆಯ ಒಂದು ಓಕ್ ಮರದ ತೊಗಟೆ. ಅಲ್ಲಿ ಮರ ಕಡಿಯದೆ 9 ವರ್ಷಕ್ಕೊಮ್ಮೆ ತೊಗಟೆ ಮಾತ್ರ ಸುಲಿಯುತ್ತಾರೆ. ಕೋಲು ತೂರುವ ಹಿಡಿಯ ತೂತನ್ನು ಉದ್ದನೆಯ ದುಂಡು ಅರದಿಂದ ಸ್ವಲ್ಪ ಸ್ವಲ್ಪವೇ ಉಜ್ಜಿ ದೊಡ್ಡದು ಮಾಡಬೇಕು. ಕೋಲು ಬುಡದ ಕಡೆ ದಪ್ಪ, ತೂತೂ ಹಾಗೇ ಇಳಿಯಬೇಕು. ಬೇಸರದ ಕೆಲಸ, ಇದರ ಬಗ್ಗೆ ಜಾಸ್ತಿ ಹೇಳುವುದಿಲ್ಲ.

ಬ್ಲಾಂಕಿಗೆ ಒಂದು ಬೆನ್ನೆಲುಬು ಇರುತ್ತದಂತೆ. ಒಂದು ತುದಿಯನ್ನು ಮೇಜಿನ ಮೇಲೆ ಊರಿ, ನಡುವನ್ನು ಒತ್ತಿ ಬಾಗಿಸಿ ಬೆರಳಲ್ಲಿ ಉರುಳಿಸಿದರೆ ಒಂದು ಕಡೆ ತಾನೇ ಟಕ್ ಎಂದು ಹೊರಳಿ ನಿಲ್ಲುತ್ತದೆ. ಕಾರ್ಬನ್ ಬಟ್ಟೆ ಸುತ್ತುವಾಗ ಒಂದು ಕಡೆ ಗಟ್ಟಿಯಾಗುವುದರಿಂದ ಹೀಗೆ. ಕೊಂಡಿಗಳನ್ನು ಇದನ್ನು ನೋಡಿಯೇ ಕೂರಿಸಬೇಕು ಎನ್ನುವವರಿದ್ದಾರೆ, ಇದೆಲ್ಲ ಶಾಸ್ತ್ರ, ಕೋಲು ನೆಟ್ಟಗೆ ಕಂಡರೆ ಸಾಕು ಎನ್ನುವವರೂ ಇದ್ದಾರೆ. ನಾನು ಎರಡನೆಯವರ ಕಡೆ.

ಈಗ ಕೊಂಡಿ ಕಟ್ಟುವ ದಾರಕ್ಕೆ ಬರೋಣ. ಒಂಬತ್ತು ಅಡಿ ಕೋಲಿಗೆ ಅಡಿಗೊಂದು, ಮೇಲೊಂದು ಎಂದು ಹತ್ತು ಕೊಂಡಿ. ಬುಡದ ಕಡೆ ಅಗಲದ ಅಂತರ, ತುದಿಗೆ ಹೋದಂತೆ ಒತ್ತೊತ್ತು. ಇವನ್ನು ಹಿಡಿದಿಡಲು ಮೊಳೆ ಇಲ್ಲ, ತಿರುಪು ಇಲ್ಲ. ತೂತು ಕೊರೆದರೆ ಕಾರ್ಬನ್ ಮುರಿಯುತ್ತದೆ. ಬರೀ ದಾರ. ಇಷ್ಟು ದೊಡ್ಡ ಮೀನು ಎಳೆದರೆ ಆ ಎಳೆತವನ್ನೆಲ್ಲ ಕೋಲಿಗೆ ದಾಟಿಸುವುದು ಹೊಲಿಗೆ ದಾರದಷ್ಟು ತೆಳ್ಳಗಿನ ನೈಲಾನಿನ ಸುತ್ತುಗಳು. ನನಗೆ ಈ ಕೆಲಸದಲ್ಲಿ ನಿಜವಾಗಿ ಹಿಡಿಸಿದ್ದು ಇದೇ. ಉಳಿದದ್ದೆಲ್ಲ ಕೊಂಡು ತಂದಿದ್ದು, ದಾರ ಸುತ್ತುವುದು ಮಾತ್ರ ಕೊಳ್ಳುವ ಸಾಮಾನಲ್ಲ.

ಉಂಡೆಯನ್ನು ಲೋಟದಲ್ಲಿ ಹಾಕಿ, ದಾರವನ್ನು ಒಂದು ದಪ್ಪ ನಿಘಂಟಿನ ಹಾಳೆಗಳ ನಡುವೆ ಹಾಯಿಸಬೇಕು. ಪುಸ್ತಕದ ಭಾರಕ್ಕೆ ದಾರ ಬಿಗಿಯಾಗಿ ಬರುತ್ತದೆ. ದಾರ ತನ್ನ ತಲೆಯನ್ನು ತಾನೇ ತುಳಿದು ಶುರುವಾಗುತ್ತದೆ. ಮೊದಲ ನಾಲ್ಕು ಸುತ್ತು ಅದರ ಮೇಲೇ ಹಾದು ಹೋದರೆ ಮತ್ತೆ ಬಿಚ್ಚುವುದಿಲ್ಲ. ಆಮೇಲೆ ತಿರುಗಿಸಬೇಕಾದ್ದು ಕೋಲನ್ನು, ದಾರವನ್ನಲ್ಲ. ಕೊಂಡಿಯ ಕಾಲನ್ನು ಮೊದಲೇ ಅರದಿಂದ ಉಜ್ಜಿ ಚೂಪು ಮಾಡಿರಬೇಕು, ಇಲ್ಲದಿದ್ದರೆ ದಾರ ಆ ಮೆಟ್ಟಿಲು ಹತ್ತುವಲ್ಲಿ ಸಂದು ಬೀಳುತ್ತದೆ. ಸಂದು ಬಿದ್ದರೆ ಉಗುರಿನಿಂದ ಒತ್ತಿ ಸೇರಿಸಬೇಕು. ಮುಗಿಯಲು ಏಳೆಂಟು ಸುತ್ತು ಇರುವಾಗ ಬೇರೆ ದಾರದ ಒಂದು ಕುಣಿಕೆ ಇಟ್ಟು, ಅದರ ಮೇಲೆ ಸುತ್ತಿ, ಕೊನೆಯನ್ನು ಆ ಕುಣಿಕೆಗೆ ತೂರಿಸಿ ಎಳೆದರೆ ದಾರದ ಬಾಲ ಸುತ್ತಿನ ಅಡಿಗೇ ಹೋಗಿ ಅಡಗುತ್ತದೆ. ಗಂಟೇ ಇಲ್ಲ! ಮೊದಲ ಸಲ ಅದು ಸರಕ್ಕನೆ ಒಳಗೆ ಹೋದಾಗ ಮನೆಯವರನ್ನೆಲ್ಲ ಕರೆದು ತೋರಿಸಿದೆ. ನನ್ನ ಹೆಂಡತಿ ನೋಡಿ, 'ನಾವು ಕಸೂತಿಯಲ್ಲಿ ಮಾಡೋದೂ ಇದನ್ನೇ' ಅಂದು ಒಳಗೆ ಹೋದಳು.

ತೋಟದ ಕೈ ಇದಕ್ಕೆ ಆಗಿಬರುವುದಿಲ್ಲ. ಬೆರಳಿನ ಬಿರುಕಿಗೆ ನೈಲಾನಿನ ಸಣ್ಣ ಎಳೆ ಸಿಕ್ಕಿಕೊಂಡು ನವಿರು ಏಳುತ್ತದೆ. ಹಾಗಂತ ಕೊಬ್ಬರಿ ಎಣ್ಣೆ ಹಚ್ಚುವಂತಿಲ್ಲ, ಎಣ್ಣೆ ತಗುಲಿದಲ್ಲಿ ಮುಂದೆ ಬಳಿಯುವ ಎಪಾಕ್ಸಿ ಅಂಟು ಹಿಡಿಯದೆ ಕಣ್ಣುಕಣ್ಣಾಗಿ ಬಿಡುತ್ತದೆ. ಕಾಫಿ ತಿಂಡಿ ಆದ ಮೇಲೆ ಸೋಪು ಹಾಕಿ ಕೈ ತೊಳೆದೇ ಕೂರಬೇಕು. ಹಂದಿಕರಿ ದಿನ ಕೆಲಸಕ್ಕೆ ರಜೆ.

ಎಪಾಕ್ಸಿ ಅಂದರೆ ಎರಡು ಸೀಸೆಯ ದ್ರವ. ಸಿರಿಂಜಿನಲ್ಲಿ ಸಮಸಮ ಅಳೆದು, ಗುಳ್ಳೆ ಏಳದ ಹಾಗೆ ನಿಧಾನಕ್ಕೆ ಕಲಸಿ, ದಾರದ ಮೇಲೆ ಬಳಿಯಬೇಕು. ಅದು ಗಟ್ಟಿಯಾಗುವವರೆಗೆ ಕೋಲು ತಿರುಗುತ್ತಲೇ ಇರಬೇಕು, ನಿಂತರೆ ಅಂಟು ಕೆಳಗಿಳಿದು ಜೋತುಬೀಳುತ್ತದೆ. ಕೆಟ್ಟ ಮೈಕ್ರೋವೇವ್ ಒಲೆಯ ತಟ್ಟೆ ತಿರುಗಿಸುವ ಮೋಟಾರು ಇದಕ್ಕೆ ಹೇಳಿ ಮಾಡಿಸಿದ್ದು. ನಿಮಿಷಕ್ಕೆ ಐದಾರು ಸುತ್ತು, ಅವಸರವೇ ಇಲ್ಲ. ಅದರದ್ದೊಂದು ವಿಚಿತ್ರ ಇದೆ. ಒಮ್ಮೆ ಹಾಕಿದರೆ ಬಲಕ್ಕೆ ತಿರುಗುತ್ತದೆ, ಆರಿಸಿ ಮತ್ತೆ ಹಾಕಿದರೆ ಎಡಕ್ಕೂ ತಿರುಗಬಹುದು. ಅದಕ್ಕೆ ತೋಚಿದ್ದು.

ಈ ಎಪಾಕ್ಸಿ ಕಂಡುಹಿಡಿದವರು ಕೊಡಗಿನ ಜುಲೈ ನೋಡಿರಲಿಕ್ಕಿಲ್ಲ. ಗಾಳಿಯಲ್ಲಿ ತೇವ ಜಾಸ್ತಿ ಇದ್ದರೆ ಮೇಲ್ಮೈ ಮಂಕಾಗಿ ಜಿಡ್ಡು ಕಟ್ಟುತ್ತದೆ, ಚಳಿ ಇದ್ದರೆ ಗಟ್ಟಿಯಾಗಲು ಒಪ್ಪುವುದಿಲ್ಲ. ನಮ್ಮಲ್ಲಿ ಮಳೆಗಾಲದಲ್ಲಿ ಬಟ್ಟೆಗೆ ಬೂಷ್ಟು ಹಿಡಿಯದಿರಲಿ ಎಂದು ಬೀರುವಿನೊಳಗೆ ಬಲ್ಬು ಉರಿಸುತ್ತಾರೆ. ಬೀರುವಿನ ಆ ಭಾಗ ನನಗೆ ಬಿಟ್ಟುಕೊಡಿ ಎಂದೆ. ರೇಷ್ಮೆ ಸೀರೆಗಳ ಜಾಗಕ್ಕೆ ಕಣ್ಣು ಹಾಕಿದ್ದಕ್ಕೆ ಸಿಕ್ಕ ಉತ್ತರವನ್ನು ಇಲ್ಲಿ ಬರೆಯುವುದಿಲ್ಲ. ರಟ್ಟಿನ ಪೆಟ್ಟಿಗೆಯಲ್ಲಿ ಬಲ್ಬು ಕಟ್ಟಿಕೊಂಡೆ.

ಬುಡದ ತುಂಡಿಗೆ ಎಪಾಕ್ಸಿ ಬಳಿದು ಮೋಟಾರಿಗೆ ಸಿಕ್ಕಿಸಿ ಸ್ವಲ್ಪ ಹೊತ್ತಾಗಿತ್ತು. ಎಲ್ಲೋ ಸಿಲ್ವರ್ ಓಕ್ ತಂತಿಯ ಮೇಲೆ ಬಿತ್ತು, ಕರೆಂಟು ಹೋಯಿತು. ಕೊಡಗಿನಲ್ಲಿ ಮಳೆಗಾಲದ ಕರೆಂಟು ಹೋದರೆ ಯಾವಾಗ ಬರುತ್ತೆ ಎಂದು ಯಾರೂ ಕೇಳುವುದಿಲ್ಲ. ಟಾರ್ಚು ಹಚ್ಚಿ ಕೈಯಲ್ಲೇ ತಿರುಗಿಸತೊಡಗಿದೆ. ನನ್ನ ಕೈ ಸೋತಾಗ ಮಗಳು. ಅವಳು ನಿದ್ದೆಗೆ ಜಾರಿದಾಗ ನೆರೆಯವರು. ಅವರು ಒಂದು ಕೈಯಲ್ಲಿ ಕೋಲು ತಿರುಗಿಸುತ್ತ, ಇನ್ನೊಂದು ಕೈ ಆಡಿಸುತ್ತ, ಹಿಂದೆ ಮಳೆಗೆ ಗದ್ದೆಗೆ ಹತ್ತಿ ಬರುತ್ತಿದ್ದ ಮೀನಿಗೆ ಕೂಳಿ ಇಡುತ್ತಿದ್ದ ಕಥೆ ಹೇಳಿದರು. ಕಥೆ ರಂಗೇರಿದಾಗ ಕೋಲಿನ ವೇಗವೂ ಏರುತ್ತಿತ್ತು. 'ನಿಧಾನ, ನಿಧಾನ' ಎಂದು ಹೇಳುವುದೇ ನನ್ನ ಕೆಲಸವಾಯಿತು. ಆ ತುಂಡಿನ ಎಪಾಕ್ಸಿ ಇವತ್ತಿಗೂ ಎಲ್ಲಕ್ಕಿಂತ ಚೆನ್ನಾಗಿದೆ.

ಅವರಿಗೆ ಒಂದೇ ತಕರಾರು. ನಾನು ಹಾಕಿದ್ದು ಕೆಂಪು ದಾರ. ಎಪಾಕ್ಸಿ ಕುಡಿದ ನೈಲಾನು ಪಾರದರ್ಶಕವಾಗಿ, ಕಪ್ಪು ಕೋಲು ಅಡಿಯಿಂದ ಕಾಣಿಸಿ, ಕೆಂಪು ಹೋಗಿ ಒಣಗಿದ ಕಾಫಿ ಹಣ್ಣಿನ ಬಣ್ಣ ಬಂತು. ಬಣ್ಣ ಹಾಗೇ ಉಳಿಯಬೇಕೆಂದರೆ ಮೊದಲು ಬೇರೊಂದು ದ್ರವ ಹಚ್ಚಬೇಕು. ನಾನು ಬೇಕೆಂದೇ ಹಚ್ಚಲಿಲ್ಲ. 'ಅಷ್ಟು ಕಷ್ಟಪಟ್ಟು ಕೆಂಪು ಸುತ್ತಿದ್ದು ಯಾಕೆ ಹಾಗಾದ್ರೆ?' ಎಂದು ಅವರು ಈಗಲೂ ಕೇಳುತ್ತಾರೆ.

ಸೆಪ್ಟೆಂಬರ್ 3ಕ್ಕೆ ಕೊಡಗಿನ ಆಯುಧಪೂಜೆಯ ಹಬ್ಬ ಕೈಲ್‌ಪೊಳ್ದ್ ಬಂತು. ಅವರ ಮನೆಯಲ್ಲಿ ಕೋವಿ, ಕತ್ತಿ, ನೇಗಿಲು ಎಲ್ಲ ಇಟ್ಟು ತೋಕ್ ಪೂ, ಅಂದರೆ ಕೋವಿ ಹೂವು, ಸಿಕ್ಕಿಸಿ ಪೂಜೆ. ನನ್ನ ರಾಡನ್ನೂ ತರಲು ಹೇಳಿದರು. ಇದು ಆಯುಧ ಅಲ್ಲವಲ್ಲ ಎಂದೆ. 'ಕೋವಿ ಮಾಡುವವನು ಶುರು ಮಾಡಿದ್ದು ಅಂತ ನೀನೇ ಹೇಳಿದ್ಯಲ್ಲಾ' ಎಂದರು. ಕೊಂಡಿಯೊಂದಕ್ಕೆ ಹೂವು ಸಿಕ್ಕಿಸಿಕೊಂಡು ಅದು ಕೋವಿಗಳ ಪಕ್ಕ ನಿಂತಿತು.

ಆಮೇಲೆ ನೆಂಟರೆಲ್ಲ ಕೇಳಿದ್ದು ಮೀನಿನ ಬಗ್ಗೆ. ವಾಲ್ನೂರಿನಲ್ಲಿ ಕೂರ್ಗ್ ವೈಲ್ಡ್‌ಲೈಫ್ ಸೊಸೈಟಿಯವರ ಅನುಮತಿ ತೆಗೆದುಕೊಂಡು ಹಿಡಿಯಬೇಕು, ಹಿಡಿದದ್ದನ್ನು ನೀರಿಗೇ ಬಿಡಬೇಕು ಎಂದೆ. ಕಾಚಂಪುಳಿ ಹಾಕಿದ ಸಾರಿನ ಕನಸು ಕಾಣುತ್ತಿದ್ದವರ ಮುಖ ಬಾಡಿತು. ಕಾವೇರಿಯ ಗೂನುಬೆನ್ನಿನ ಮಹಶೀರ್‌ಗೆ ಸರಿಯಾದ ಶಾಸ್ತ್ರೀಯ ಹೆಸರು, ಟೋರ್ ರೆಮಾದೇವಿ ಎಂದು, ಗೊತ್ತಾಗಿದ್ದೇ 2018ರಲ್ಲಿ. ಅದೇ ವರ್ಷ ಅದು ಅಳಿವಿನ ಅಂಚಿನ ಪಟ್ಟಿಯಲ್ಲೂ ಸೇರಿತು. ಅಂಥ ಮೀನನ್ನು ಸಾರು ಮಾಡುವುದು ಹೇಗೆ? 'ಬಿಡೋದಾದ್ರೆ ಹಿಡಿಯೋದ್ಯಾಕೆ' ಎಂದು ಒಬ್ಬರು ಕೇಳಿದರು. ಕೊಕ್ಕೆಯ ಒಳಮುಳ್ಳನ್ನು ಇಕ್ಕಳದಲ್ಲಿ ಒತ್ತಿ ಚಪ್ಪಟೆ ಮಾಡಿ ಹೋಗುತ್ತಾರೆ ಎಂದು ಹೇಳಿದ್ದು ಅವರಿಗೆ ಇನ್ನೂ ಹಾಸ್ಯಾಸ್ಪದವಾಗಿ ಕಂಡಿತು.

ಮಳೆ ಕಡಿಮೆಯಾದ ಮೇಲೆ ಕಾಫಿ ಕಣದಲ್ಲಿ ಬೀಸಿ ನೋಡಿದೆ. ಕೊಕ್ಕೆಯ ಬದಲು ದಾರದ ತುದಿಗೆ ಒಂದು ಚೂರು ಕಿತ್ತಳೆ ಉಣ್ಣೆ. ಸಿಮೆಂಟಿನ ಮೇಲೆ ಎಳೆದರೆ ದಾರ ಸವೆಯುತ್ತದೆ, ಹುಲ್ಲೇ ಒಳ್ಳೆಯದು. ಆದರೆ ಹುಲ್ಲಿನಲ್ಲಿ ಜಿಗಣೆ ಇನ್ನೂ ರಜೆ ಹಾಕಿರಲಿಲ್ಲ. ಉಣ್ಣೆ ಹಿಂದೆ ನಾಯಿ ಓಡಿತು. ನೆರೆಯವರು ನನ್ನ ಕೈಯಿಂದ ಕೋಲು ತೆಗೆದುಕೊಂಡು ಬೀಸಿದರು. ಚಿಕ್ಕಂದಿನಲ್ಲಿ ಉಳುಮೆ ಮಾಡಿದ ಕೈ, ದಾರ ಕಣದ ಆ ತುದಿಗೆ ನೆಟ್ಟಗೆ ಹೋಗಿ ಬಿತ್ತು. ಇನ್ನೊಂದು ಸಲ ಬೀಸಿದರು. ಮತ್ತೂ ಬೀಸಿದರು.

ತಮಗೂ ಒಂದು ಬೇಕಂತೆ. ಕಾಂಡಕೊರಕ ತಿಂದ ಬುಡ ಆಗಲೇ ಅಟ್ಟಕ್ಕೆ ಹಾಕಿದ್ದಾರೆ, ದಾರ ಮಾತ್ರ ಕೆಂಪಾಗಿಯೇ ಉಳಿಯಬೇಕು. ನದಿಗೆ ಹೋಗುವುದಾದರೆ ಅನುಮತಿ ಬೇಕು ಎಂದೆ. 'ನದಿ ಯಾರಿಗೆ ಬೇಕು? ಕಣದಲ್ಲಿ ಬೀಸಿದ್ರೆ ಸಾಕು ನಂಗೆ. ಆದ್ರೆ ಬೇಗ ಮುಗಿಸು ಮಾರಾಯ, ಕುಯ್ಲು ಶುರುವಾದ್ರೆ ಕಣ ಖಾಲಿ ಸಿಗಲ್ಲ' ಎಂದರು.