ಚಿತ್ರದಿಂದ ಸರಿದು ನಿಂತವರು

ನಿನ್ನೆ ಮಧ್ಯಾಹ್ನ ಪಣಜಿಯ ಫಾಂಟೈನ್ಹಾಸ್ ಕೇರಿಯಲ್ಲಿ ಕಂಡದ್ದು ಇನ್ನೂ ಕಣ್ಣ ಮುಂದಿದೆ. ಹಳದಿ, ನೀಲಿ ಬಣ್ಣದ ಹಳೆಯ ಮನೆಗಳ ಆ ಓಣಿಯಲ್ಲಿ ಒಂದು ಗೋಡೆಗೆ ಗಿಲಾವು ಮಾಡುತ್ತಿದ್ದ ನಾಲ್ವರು ಗೌಂಡಿಗಳು ಬುತ್ತಿ ಬಿಚ್ಚಿ ಮೆಟ್ಟಿಲ ಮೇಲೆ ಕುಳಿತಿದ್ದರು. ಮದುವೆಗೆ ಮುಂಚಿನ ಚಿತ್ರ ತೆಗೆಸಿಕೊಳ್ಳಲು ಬಂದ ಜೋಡಿಯೊಂದರ ಫೋಟೋಗ್ರಾಫರ್ ಅವರನ್ನು ಕೈಸನ್ನೆಯಿಂದಲೇ ಎಬ್ಬಿಸಿದ. ಅವರು ಅಲ್ಲಿದ್ದರೆ ಚಿತ್ರ ಯುರೋಪಿನ ಹಾಗೆ ಬರುವುದಿಲ್ಲವೆಂದು ಜೋಡಿಗೆ ವಿವರಿಸಿದ. ರೊಟ್ಟಿಯ ಗಂಟು ಎತ್ತಿಕೊಂಡು ಬಿಸಿಲಿಗೆ ಸರಿದು ನಿಂತವರನ್ನು ಊರು ಯಾವುದೆಂದು ಕೇಳಿದೆ. "ಇಂಡಿ ತಾಲ್ಲೂಕ್ರೀ ಅಕ್ಕಾರ" ಎಂದರು ಹಿರಿಯರು. ನನ್ನ ಜಿಲ್ಲೆಯವರೇ.

ಆ ಗೋಡೆ ಇನ್ನೊಂದು ಮಳೆಗಾಲ ತಾಳುವಂತೆ ಮಾಡುತ್ತಿದ್ದ ಕೈಗಳೇ ಚಿತ್ರದಲ್ಲಿ ಇರಬಾರದಂತೆ. ನನ್ನ ಸಿಟ್ಟೆಲ್ಲ ಇದರ ಮೇಲೆಯೇ.

ವಿಜಯಪುರದಿಂದ ಗೋವೆಗೆ ಬಂದ ಇಷ್ಟು ವರ್ಷಗಳಲ್ಲಿ ನಾನು ಅತಿ ಹೆಚ್ಚು ಕೇಳಿದ ಪದ "ಘಾಂಟಿ". ಘಟ್ಟದ ಮೇಲಿನವರು ಎಂಬುದಷ್ಟೇ ಅದರ ಮೂಲ ಅರ್ಥ. ಆದರೆ ಬಸ್ಸಿನಲ್ಲಿ, ಮೀನು ಮಾರುಕಟ್ಟೆಯಲ್ಲಿ ಅದನ್ನು ಹೇಳುವ ದನಿಯಲ್ಲಿ ಭೂಗೋಳವಿರುವುದಿಲ್ಲ. ಪೋರ್ಚುಗೀಸರು ಇದೇ ಗೋವೆಯ ಜನರನ್ನು ಏನೆಂದು ಕರೆಯುತ್ತಿದ್ದರು ಎಂಬುದನ್ನು ಬಹಳ ಮಂದಿ ಮರೆತಿದ್ದಾರೆ. ಅವರು ಕರೆಯುತ್ತಿದ್ದುದು "ಕನಾರಿಂ" ಎಂದು, ಅಂದರೆ ಕನ್ನಡದವರು ಎಂದು. ಇಂಗ್ಲಿಷ್ ಪಾದ್ರಿ ಥಾಮಸ್ ಸ್ಟೀಫನ್ಸ್ ಬರೆದು, 1640ರಲ್ಲಿ ಗೋವೆಯ ರಾಯ್ತೂರಿನಲ್ಲಿ ಅಚ್ಚಾದ ಕೊಂಕಣಿ ವ್ಯಾಕರಣದ ಶೀರ್ಷಿಕೆಯಲ್ಲಿ ಕೂಡ ಆ ಭಾಷೆಗೆ ಇರುವ ಹೆಸರು ಕನಾರಿಂ. ಕ್ರಮೇಣ ಅದು ಬೈಗುಳವಾಯಿತು. ಪೋರ್ಚುಗಲ್ಲಿನಲ್ಲಿ ಹುಟ್ಟಿದವರು ಮೊದಲು, ಇಲ್ಲಿ ಹುಟ್ಟಿದ ಬಿಳಿಯರು ಆಮೇಲೆ, ಮಿಶ್ರ ಸಂತಾನದವರು ಅವರ ಕೆಳಗೆ, ನೆಲದ ಮಕ್ಕಳು ಎಲ್ಲರಿಗಿಂತ ಕೆಳಗೆ ಎಂಬ ಆ ಏಣಿಯಲ್ಲಿ ಕೊನೆಯ ಮೆಟ್ಟಿಲಿನ ಹೆಸರೇ ಕನಾರಿಂ. 1684ರಲ್ಲಿ ವೈಸ್‌ರಾಯ್ ಆಜ್ಞೆ ಹೊರಡಿಸಿ, ಮೂರು ವರ್ಷಗಳೊಳಗೆ ಕೊಂಕಣಿ ಬಿಟ್ಟು ಪೋರ್ಚುಗೀಸ್ ಮಾತಾಡಬೇಕೆಂದು ಈ ಜನರನ್ನೇ ಒತ್ತಾಯಿಸಿದ್ದ. 1961ರ ಡಿಸೆಂಬರಿನಲ್ಲಿ ಪೋರ್ಚುಗೀಸರು ಹೋದರು, ಏಣಿ ಉಳಿಯಿತು. ಕೊನೆಯ ಮೆಟ್ಟಿಲಿಗೆ ಹೊಸಬರು ಬೇಕಾಗಿದ್ದರು. ವಿಜಯಪುರ, ಬಾಗಲಕೋಟೆ, ಗದಗ, ಕೊಪ್ಪಳಗಳಿಂದ ಸುಣ್ಣ ಸಿಮೆಂಟು ಹೊರಲು ಬಂದ ನಾವು ಸಿಕ್ಕೆವು.

ಇದೇ ಕೇರಿಯಿಂದ ಮಾಂಡವಿಯ ದಂಡೆಗೆ ನಡೆದು ಹೋದರೆ ಹಳೆಯ ಸಚಿವಾಲಯ ಸಿಗುತ್ತದೆ. ಅದರ ಪೋರ್ಚುಗೀಸ್ ಹೆಸರಿನಲ್ಲಿರುವ "ಇದಲ್ಕಾವ್" ಎಂದರೆ ಯಾರು? ನಮ್ಮ ಬಿಜಾಪುರದ ಆದಿಲ್ ಖಾನ. 1510ರಲ್ಲಿ ಪೋರ್ಚುಗೀಸ್ ಸೇನಾನಿ ಅಲ್ಬುಕರ್ಕ್ ಗೋವೆಯನ್ನು ಕಸಿದುಕೊಂಡದ್ದು ಆದಿಲ್‌ಶಾಹಿಯಿಂದ. ಅದಕ್ಕೂ ಹಿಂದಿನ ಗೋವೆಯ ಕದಂಬರು ಇಲ್ಲಿಂದಲೂ ಬೆಳಗಾವಿಯ ಹಲಸಿಯಿಂದಲೂ ಆಳಿದವರು, ಕನ್ನಡದಲ್ಲಿ ಶಾಸನ ಹಾಕಿಸಿದವರು. ಸರ್ಕಾರಿ ಬಸ್ಸಿನ ಮೇಲೆ ಅವರ ಹೆಸರು ದಿನವೂ ಓಡಾಡುತ್ತದೆ. ಅವರ ಕಾಲದ ತಾಂಬಡಿ ಸುರ್ಲದ ಮಹಾದೇವ ದೇವಾಲಯ ಕಾಡಿನ ನಡುವೆ ನಿಂತಿದೆ. ಗೋವೆಯ ಕೆಂಪು ಚಿರೇಕಲ್ಲಿನದಲ್ಲ, ಕರಿಕಲ್ಲಿನದು. ಆದರೆ ಪ್ರವಾಸಿಗರ ಕಣ್ಣಿಗೆ ಬೀಳುವ ಗೋವೆಯಲ್ಲಿ ಚರಿತ್ರೆ ಬಹುಪಾಲು 1510ರಿಂದಲೇ ಶುರುವಾಗುತ್ತದೆ. ನಮ್ಮೂರಿನ ಸುಲ್ತಾನ ಆಳಿದ್ದರಿಂದ ನಮಗೆ ಇಲ್ಲಿ ಹಕ್ಕಿದೆ ಎಂದು ನಾನು ವಾದಿಸುತ್ತಿಲ್ಲ. ಅರಸರ ಲೆಕ್ಕದಲ್ಲಿ ಹಕ್ಕು ಕೇಳುವುದು ನನಗೆ ಬೇಡ. ಘಟ್ಟದ ಮೇಲಿನವರು ಈ ನೆಲಕ್ಕೆ ನಿನ್ನೆ ಬಂದ ಅಪರಿಚಿತರಲ್ಲ ಎಂಬುದಷ್ಟೇ ನನ್ನ ಮಾತು.

ಗೆಳತಿಯೊಬ್ಬಳು, ಗೋವೆಯವಳೇ, ನನ್ನ ಮಾತಿಗೆ ಬೇಸರಪಟ್ಟಳು. ನಮ್ಮದು ಎರಡೇ ಜಿಲ್ಲೆಗಳಿಂದ ಶುರುವಾದ ಪುಟ್ಟ ರಾಜ್ಯ, ಭೂಮಿ ಕೈತಪ್ಪುತ್ತಿದೆ, ಪೋರ್ಚುಗೀಸರಿಂದ ಬಂದದ್ದಾದರೂ ನಾಲ್ಕೂವರೆ ಶತಮಾನ ಬಾಳಿದ್ದು ಹೊರಗಿನದಾಗಿ ಉಳಿಯುವುದಿಲ್ಲ ಎಂದಳು. ಕೊನೆಯ ಮಾತನ್ನು ಒಪ್ಪುತ್ತೇನೆ. ಅವಳ ಅಜ್ಜಿಯ ಮಾಂಡೊ ಹಾಡು ಗೋವೆಯದೇ, ಯಾರಿಂದಲೂ ಎರವಲು ತಂದದ್ದಲ್ಲ. ಆದರೆ ಭೂಮಿಯ ಮಾತು ಗೌಂಡಿಗೆ ಹೇಗೆ ಅಂಟುತ್ತದೆ? ಗುಡ್ಡ ಕಡಿದು ರಜೆಗೊಂದು ಮನೆ ಕಟ್ಟಿಸುವವನಿಗೆ ಯಾರೂ ಘಾಂಟಿ ಎನ್ನುವುದಿಲ್ಲ. ತಗಡಿನ ಶೆಡ್ಡಿನಲ್ಲಿ ಮಲಗಿ ಆ ಮನೆ ಕಟ್ಟುವವನಿಗೆ ಎನ್ನುತ್ತಾರೆ.

ನಾನೂ ಇದರಲ್ಲಿ ಪಾಲುದಾರಳು ಎಂಬುದನ್ನು ಇಲ್ಲಿಯವರೆಗೆ ಯಾರಿಗೂ ಹೇಳಿಲ್ಲ. ಬಂದ ಹೊಸತರಲ್ಲಿ ಊರು ಕೇಳಿದವರಿಗೆ ಬೆಂಗಳೂರು ಎನ್ನುತ್ತಿದ್ದೆ. ಬಸ್ಸಿನಲ್ಲಿ ಮಗ "ಅವ್ವಾ" ಎಂದು ಕರೆದಾಗ ಮೆಲ್ಲಗೆ ಚಿವುಟಿ "ಮಮ್ಮಿ ಅನ್ನು" ಎಂದಿದ್ದೇನೆ. ಒಮ್ಮೆ ಮುಂದಿನ ಸೀಟಿನಲ್ಲಿ ಇಳಕಲ್ ಸೀರೆಯುಟ್ಟ ಮುದುಕಿಯನ್ನು ಕಂಡಕ್ಟರ್ ಗದರಿಸಿದಾಗ, ಆಕೆ ಸಹಾಯಕ್ಕೆಂದು ಕನ್ನಡದಲ್ಲಿ ನನ್ನ ಕಡೆ ತಿರುಗಿದಳು. ನಾನು ಕಿಟಕಿಯ ಕಡೆ ನೋಡಿದೆ. ಆ ಮುಖ ಇಂದಿಗೂ ನನ್ನನ್ನು ಬಿಟ್ಟಿಲ್ಲ. ಫೋಟೋಗ್ರಾಫರನ ಮೇಲೆ ನಿನ್ನೆ ನನಗೆ ಬಂದ ಸಿಟ್ಟಿನಲ್ಲಿ ಅರ್ಧ ಆ ದಿನದ್ದು.

ಜೋಡಿ ಹೋದ ಮೇಲೆ ಆ ನಾಲ್ವರ ಜೊತೆ ಮೆಟ್ಟಿಲ ಮೇಲೆ ಕುಳಿತು ಅವರ ಬುತ್ತಿಯಿಂದ ಅರ್ಧ ರೊಟ್ಟಿ, ಶೇಂಗಾ ಚಟ್ನಿ ತಿಂದೆ. "ನಿಮ್ಮ ಚಿತ್ರ ತೆಗೆಯಲೇನ್ರಿ?" ಎಂದು ಕೇಳಿದಾಗ ಹಿರಿಯರು ತಲೆಗೆ ಟವೆಲ್ ಸರಿಯಾಗಿ ಸುತ್ತಿಕೊಂಡು, ಕರಣಿಯನ್ನು ಕೈಯಲ್ಲಿ ಹಿಡಿದು, "ಗ್ವಾಡಿನೂ ಬರಲಿರಿ, ನಾವ ಮಾಡಿದ್ದು" ಎಂದರು. ಈ ಬರಹದ ಜೊತೆ ಹಾಕಿರುವುದು ಅದೇ ಚಿತ್ರ. ಅದರಲ್ಲಿ ಗೋಡೆ ಪೂರ್ತಿ ಬಂದಿದೆ.